ಬ್ಯಾಸ್ಕೆಟ್‌ಬಾಲ್‌ನಲ್ಲಿ ಸ್ಕ್ರೀನ್ ಫೌಲ್ ಆಗೋದು ಯಾವಾಗ? ಪಾದ ನೋಡಿ!

[ಕ್ಲಿಪ್ 1: ಡಿಫೆಂಡರ್ ಓಡಿ ಬಂದು ಸ್ಕ್ರೀನರ್‌ಗೆ ಗುದ್ದಿ ಬೀಳುತ್ತಾನೆ. ವಿಸಿಲ್ ಇಲ್ಲ.]

ಇಷ್ಟು ಜೋರಾಗಿ ಬಿದ್ದರೂ ರೆಫರಿ ಸುಮ್ಮನಿದ್ದಾರೆ. ಅವರು ಮಾಡಿದ್ದೇ ಸರಿ. ಸ್ಕ್ರೀನ್ ಅಂದರೆ ತನ್ನ ತಂಡದವನಿಗೆ ದಾರಿ ಸಿಗಲಿ ಅಂತ ಎದುರಾಳಿ ಡಿಫೆಂಡರ್‌ಗೆ ಅಡ್ಡ ನಿಲ್ಲುವುದು; ಹಾಗೆ ನಿಲ್ಲುವವನೇ ಸ್ಕ್ರೀನರ್. ಡಿಕ್ಕಿ ಜೋರಾಗಿದೆ ಅಂತ ಸ್ಕ್ರೀನ್ ಫೌಲ್ ಆಗುವುದಿಲ್ಲ. ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ ಕೇಳುವುದೇ ಬೇರೆ: ತಾಗಿದ ಕ್ಷಣದಲ್ಲಿ ಸ್ಕ್ರೀನರ್ ಅಲ್ಲಾಡದೆ ನಿಂತಿದ್ದನಾ? ಎರಡೂ ಪಾದ ನೆಲದ ಮೇಲಿದ್ದವಾ? ಮೊಣಕೈ, ಮಂಡಿ, ಸೊಂಟ ಎಲ್ಲ ಅವನ ಸಿಲಿಂಡರ್ ಒಳಗೇ, ಅಂದರೆ ಸಹಜವಾಗಿ ನಿಂತಾಗ ಮೈ ಹಿಡಿಯುವ ಜಾಗದೊಳಗೇ ಇದ್ದವಾ?

ಗೊಂದಲ ಜಾಸ್ತಿ ಇರುವುದು ದೂರದ ವಿಷಯದಲ್ಲಿ. ನಿಂತಿರುವ ಡಿಫೆಂಡರ್‌ನ ಎದುರಿಗೋ ಪಕ್ಕಕ್ಕೋ, ಅವನ ಕಣ್ಣಿಗೆ ಬೀಳುವ ಹಾಗೆ ಬಂದರೆ ಮೈಗೆ ತಾಗದಂತೆ ಎಷ್ಟು ಹತ್ತಿರ ಬೇಕಾದರೂ ನಿಲ್ಲಬಹುದು. ಹಿಂದಿನಿಂದ ಬಂದರೆ ಮಾತ್ರ ಅವನು 1 ಸಹಜ ಹೆಜ್ಜೆ ಹಾಕುವಷ್ಟು ಜಾಗ ಬಿಡಬೇಕು, ಬೆನ್ನಿಗೆ ಕಣ್ಣಿಲ್ಲ ಅಲ್ವಾ? ಓಡುತ್ತಿರುವವನಿಗಾದರೆ ನಿಲ್ಲುವುದಕ್ಕೋ ದಾರಿ ಬದಲಿಸುವುದಕ್ಕೋ ಸಮಯ ಸಿಗಬೇಕು. ವೇಗ ನೋಡಿಕೊಂಡು 1 ಹೆಜ್ಜೆಗೆ ಕಡಿಮೆ ಇಲ್ಲದಂತೆ ಬಿಡಬೇಕು, 2 ಹೆಜ್ಜೆಗಿಂತ ಜಾಸ್ತಿ ಬೇಕಿಲ್ಲ. ಇಷ್ಟೂ ಸರಿಯಿದ್ದ ಮೇಲೆ ತಾಗಿದರೆ ಹೊಣೆ ಗುದ್ದಿದವನದೇ.

[ಕ್ಲಿಪ್ 2, ಸ್ಲೋ ಮೋಷನ್. ಸ್ಕ್ರೀನರ್‌ನ ಎಡಪಾದದ ಸುತ್ತ ವೃತ್ತ.]

ಇದನ್ನು ನಿಧಾನವಾಗಿ ನೋಡಿ. ಬಂದ, ನಿಂತ, ಜಾಗ ಕೊಟ್ಟ. ಡಿಫೆಂಡರ್ ಪಕ್ಕದಲ್ಲಿ ನುಸುಳುವಾಗ ಇವನ ಎಡಪಾದ ಚೂರೇ ಚೂರು ಸರಿಯಿತು, ಸೊಂಟ ಹೊರಗೆ ಬಂತು, ಆಮೇಲೆ ತಾಗಿತು. ಫೌಲ್! ಬರೆಯುವುದು ಸ್ಕ್ರೀನರ್ ಹೆಸರಿಗೆ, ಆದರೆ ನನ್ನ ಪ್ರಕಾರ ಇಲ್ಲಿ ಅರ್ಧ ತಪ್ಪು ಚೆಂಡು ಹಿಡಿದವನದು, ಸ್ಕ್ರೀನರ್ ಬಂದು ನಿಲ್ಲುವುದಕ್ಕೂ ಕಾಯದೆ ಹೊರಟುಬಿಡುತ್ತಾನೆ, ಇವನು ಪಾಪ ಡಿಫೆಂಡರ್‌ನನ್ನು ತಡೆಯಲು ಸೊಂಟ ಚಾಚಬೇಕಾಗುತ್ತದೆ.

ಹಾಗಂತ ಸ್ಕ್ರೀನರ್ ಅಲ್ಲಾಡಿದ ಕೂಡಲೇ ‘ಮೂವಿಂಗ್ ಸ್ಕ್ರೀನ್’ ಅಂತ ಕೂಗಬೇಡಿ. ಯಾರಿಗೂ ತಾಗದಿದ್ದರೆ ಫೌಲೇ ಇಲ್ಲ. ಅಮೆರಿಕದ ಲೀಗ್ ಎನ್‌ಬಿಎ ನಿಯಮದಲ್ಲಂತೂ, ಡಿಫೆಂಡರ್ ಹೋಗುವ ದಿಕ್ಕಿನಲ್ಲೇ ಅದೇ ದಾರಿಯಲ್ಲಿ ಸ್ಕ್ರೀನರ್ ಕೂಡ ಸಾಗಬಹುದು ಅಂತ ಬರೆದೇ ಇದೆ. ಪಕ್ಕಕ್ಕೋ ಅವನ ಕಡೆಗೋ ಸರಿಯುವ ಹಾಗಿಲ್ಲ, ಅಷ್ಟೆ.

ಶಿಕ್ಷೆ? ಚೆಂಡು ತನ್ನ ತಂಡದ ಹಿಡಿತದಲ್ಲಿದ್ದಾಗ ಹೀಗೆ ಮಾಡಿದರೆ ಅದು ಟೀಮ್ ಕಂಟ್ರೋಲ್ ಫೌಲ್. ಆ ಕ್ವಾರ್ಟರ್‌ನಲ್ಲಿ ತಂಡದ 5ನೇ ಫೌಲ್ ಆದರೂ ಫ್ರೀ ಥ್ರೋ (ಯಾರೂ ಅಡ್ಡಬಾರದೆ ಬುಟ್ಟಿಗೆ ಎಸೆಯುವ ಅವಕಾಶ) ಇಲ್ಲ, ಎದುರಾಳಿಗೆ ಥ್ರೋ-ಇನ್, ಅಂದರೆ ಗೆರೆಯಾಚೆಯಿಂದ ಚೆಂಡು ಒಳಗೆಸೆಯುವ ಅವಕಾಶ ಮಾತ್ರ. ಆದರೆ ಸ್ಕ್ರೀನರ್ ಲೆಕ್ಕಕ್ಕೆ ಒಂದು ಪರ್ಸನಲ್ ಫೌಲ್ ಸೇರುತ್ತದೆ, ಫಿಬಾ ಆಟದಲ್ಲಿ ಅವು 5 ಆದರೆ ಅವನ ಆಟ ಮುಗಿಯಿತು.