ಹಿಡಿಸೂಡಿ ಇರುವ ಮನೆಗೆ ವ್ಯಾಕ್ಯೂಮ್ ಕ್ಲೀನರ್

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಯ ತಿಂಗಳು ಆಟಿ ಮುಗಿಯುತ್ತಾ ಬಂತು. ಇನ್ನು ಓಣಂ. ಕಾಸರಗೋಡು ಪೇಟೆಯಲ್ಲಿ ಕರೆಂಟಿನ ಸಾಮಾನು ಮಾರುವ ಅಂಗಡಿಗಳ ಮುಂದೆ ರಿಯಾಯಿತಿಯ ಬೋರ್ಡು ಬೀಳುವ ಸಮಯ. ಫ್ರಿಜ್ಜು ನೋಡಲಿಕ್ಕೆಂದು ಒಳಗೆ ಹೋದವರು ವ್ಯಾಕ್ಯೂಮ್ ಕ್ಲೀನರ್ ಹೊತ್ತುಕೊಂಡು ಹೊರಗೆ ಬರುವುದು ಇಂಥ ದಿನಗಳಲ್ಲೇ. ನಾನೂ ಹಾಗೆ ಬಂದವಳು. ಅದಕ್ಕೇ ಇವತ್ತು ಈ ವಿಷಯ ಹಿಡಿದಿದ್ದೇನೆ.

ನಮ್ಮದು ಹಳೆಯ ಹಂಚಿನ ಮನೆ. ಚಾವಡಿಗೆ ಕಾವಿ ನೆಲ, ಪ್ರತಿ ಕೋಣೆಗೂ ಎತ್ತರದ ಹೊಸ್ತಿಲು. ಅಂಗಳ ಗುಡಿಸಲಿಕ್ಕೆ ತೆಂಗಿನ ಕಡ್ಡಿಯ ಹಿಡಿಸೂಡಿ, ಒಳಗೆ ಹುಲ್ಲಿನದ್ದು, ಮಾಡಿನ ಬಲೆ ತೆಗೆಯಲಿಕ್ಕೆ ಬಿದಿರಿನ ಕೋಲಿಗೆ ಕಟ್ಟಿದ್ದು ಇನ್ನೊಂದು. ಇಷ್ಟರಲ್ಲೇ ಮನೆ ನಡೆಯುತ್ತಿತ್ತು. ಹೀಗಿರುವಾಗ ಅಣ್ಣನ ಮಗ ದುಬಾಯಿಯಿಂದ ಬರುವಾಗ ಒಂದು ದೊಡ್ಡ ಯಂತ್ರ ತಂದ. "ಅತ್ತೆ, ಇನ್ನು ನೀವು ಸೊಂಟ ಬಗ್ಗಿಸುವುದು ಬೇಡ" ಎಂದ. ಪ್ರೀತಿಯಿಂದ ತಂದದ್ದು, ಸಂತೋಷವೇ. ಆದರೆ ಅದರ ಪ್ಲಗ್ಗಿಗೆ ಚಪ್ಪಟೆಯ ಮೂರು ಕಾಲು, ನಮ್ಮ ಗೋಡೆಯಲ್ಲಿ ಉರುಟು ತೂತು. ಅಡಾಪ್ಟರ್ ತಂದು ಸಿಕ್ಕಿಸಿದೆವು. ಹತ್ತು ನಿಮಿಷವಾಗಿರಲಿಲ್ಲ, ಪ್ಲಾಸ್ಟಿಕ್ ಸುಟ್ಟ ವಾಸನೆ.

ಯಂತ್ರದಲ್ಲಿ ದೋಷವಿರಲಿಲ್ಲ, ಲೆಕ್ಕ ತಪ್ಪಿದ್ದು ನಾವು. ಫೋನು ಚಾರ್ಜ್ ಮಾಡುವ, ಟಿ.ವಿ. ಹಾಕುವ ಸಣ್ಣ ಪ್ಲಗ್ಗು 6 ಆಂಪಿಯರಿನದ್ದು. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್. ಅದಕ್ಕಿಂತ ಹೆಚ್ಚು ಕರೆಂಟು ಎಳೆಯುವ ಯಂತ್ರಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ದುಬಾಯಿಯದ್ದು 2000 ವ್ಯಾಟ್. ನಮ್ಮ ಮನೆಯಲ್ಲಿ ದೊಡ್ಡ ಪ್ಲಗ್ಗು ಇದ್ದದ್ದು ಎರಡೇ ಕಡೆ, ಗೀಸರಿನ ಹತ್ತಿರ ಮತ್ತು ಫ್ರಿಜ್ಜಿನ ಹತ್ತಿರ. ಅಲ್ಲಿಂದ ವಯರು ಚಾವಡಿಯವರೆಗೆ ಮುಟ್ಟುವುದಿಲ್ಲ. ಅದಕ್ಕೆ ಹೇಳುತ್ತೇನೆ, ಅಂಗಡಿಗೆ ಹೊರಡುವ ಮೊದಲು ಮನೆಯೊಳಗೆ ಒಮ್ಮೆ ಸುತ್ತು ಬನ್ನಿ. ದೊಡ್ಡ ಪ್ಲಗ್ಗು ಎಲ್ಲೆಲ್ಲಿದೆ, ಅಲ್ಲಿಂದ ಮಂಚ ಎಷ್ಟು ದೂರ, ಟೇಪು ಹಿಡಿದು ಅಳೆಯಿರಿ.

ಆ ಯಂತ್ರ ಈಗ ಅಟ್ಟದಲ್ಲಿದೆ. ಅದರ ಕಾಗದದ ಚೀಲ ತುಂಬಿದ ಮೇಲೆ ಬೇರೆ ಚೀಲ ಇಲ್ಲೆಲ್ಲೂ ಸಿಗಲಿಲ್ಲ.

ವ್ಯಾಟ್ ಎಂದೆನಲ್ಲ, ಅದರ ಬಗ್ಗೆ ಇನ್ನೊಂದು ಮಾತು. ಅಂಗಡಿಯ ಹುಡುಗ ಮೊದಲು ಹೇಳುವುದೇ ಅದನ್ನು, "ಇದು 1600, ಅದು ಬರೀ 1000" ಅಂತ. ವ್ಯಾಟ್ ಅಂದರೆ ಯಂತ್ರ ತಿನ್ನುವ ಕರೆಂಟು, ಧೂಳು ಎಳೆಯುವ ಶಕ್ತಿಯಲ್ಲ. ಹೆಚ್ಚು ಉಣ್ಣುವವನು ಹೆಚ್ಚು ಕೆಲಸ ಮಾಡುತ್ತಾನೆಂದು ಯಾರಾದರೂ ಹೇಳಿಯಾರೇ? ಯುರೋಪಿನ ಒಕ್ಕೂಟದವರು 2014ರಲ್ಲಿ 1600 ವ್ಯಾಟ್ ಮೀರಿದ ಮನೆಬಳಕೆಯ ಯಂತ್ರಗಳನ್ನು ಮಾರಬಾರದೆಂದರು. 2017ರಲ್ಲಿ ಆ ಮಿತಿಯನ್ನು 900ಕ್ಕೆ ಇಳಿಸಿದರು. ಹಾಗೆಂದು ಅಲ್ಲಿಯವರ ಮನೆಯಲ್ಲಿ ಕಸ ರಾಶಿ ಬೀಳಲಿಲ್ಲ. ಒಳ್ಳೆಯ ಫ್ಯಾನು, ಗಾಳಿ ಸೋರದ ಕೊಳವೆ, ನೆಲಕ್ಕೆ ಸರಿಯಾಗಿ ಕೂರುವ ಮೂತಿ, ಇವಿದ್ದರೆ ಕಡಿಮೆ ವ್ಯಾಟಿನಲ್ಲೂ ಕೆಲಸ ಆಗುತ್ತದೆ.

ಪೆಟ್ಟಿಗೆಯ ಮೇಲೆ ಕಿಲೋಪಾಸ್ಕಲ್ ಎಂಬ ಲೆಕ್ಕವೂ ಇರುತ್ತದೆ. ಅದು ಎಳೆತದ ಅಳತೆ ಹೌದು, ಆದರೆ ಅಷ್ಟೇ ಸಾಲದು. ಎಳನೀರಿನ ಬೊಂಡಕ್ಕೆ ತೀರಾ ಸಪೂರದ ಕೊಳವೆ ಹಾಕಿ ಎಷ್ಟು ಜೋರಾಗಿ ಎಳೆದರೂ ಬಾಯಿಗೆ ಬರುವುದು ನಾಲ್ಕು ಹನಿ. ಎಳೆತದ ಜೊತೆಗೆ ಗಾಳಿಯೂ ಧಾರಾಳ ಹರಿಯಬೇಕು. ಇವೆರಡನ್ನೂ ಸೇರಿಸಿ ಹೇಳುವ ಅಳತೆ ಏರ್ ವ್ಯಾಟ್. ಅದು ಬರೆದಿದ್ದರೆ ಎರಡು ಯಂತ್ರಗಳನ್ನು ಹೋಲಿಸಲಿಕ್ಕೆ ಸುಲಭ.

ತೊಂಬತ್ತರ ದಶಕದಲ್ಲಿ ಟೈ ಕಟ್ಟಿದ ಹುಡುಗರು ಈ ಯಂತ್ರ ಹೊತ್ತು ಮನೆಮನೆಗೆ ಬರುತ್ತಿದ್ದದ್ದು ನೆನಪಿದೆಯೇ? ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಹಿಡಿದು, ಹಾಸಿಗೆಯ ಮೇಲೆ ಆಡಿಸಿ, ಕಪ್ಪಾದ ಬಟ್ಟೆಯನ್ನು ನಮ್ಮ ಮುಖಕ್ಕೆ ತೋರಿಸುತ್ತಿದ್ದರು. ನಮ್ಮ ಅತ್ತೆಗಂತೂ ಅವಮಾನವೇ ಆಗಿತ್ತು. ಆದರೆ ಇದು ಬಹಳ ಹಳೆಯ ಆಟ. ಲಂಡನ್ನಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳನ್ನು ಊದಿ ಹಾರಿಸುವ ಒಂದು ಯಂತ್ರವನ್ನು ನೋಡಿ, ಊದುವ ಬದಲು ಎಳೆದರೆ ಹೇಗೆ ಎಂದು ಯೋಚಿಸಿದನಂತೆ. ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಯಿಂದಲೇ ಎಳೆದು ನೋಡಿದ. ಕೆಮ್ಮು ಹತ್ತಿತು, ಕರವಸ್ತ್ರಕ್ಕೆ ಧೂಳೂ ಹತ್ತಿತು. 1901ರಲ್ಲಿ ಅವನು ಮಾಡಿದ ಯಂತ್ರ ಮನೆಯೊಳಗೆ ಹೋಗುವಂಥದ್ದಲ್ಲ. ಕುದುರೆಗಳು ಎಳೆದು ತಂದು ಬೀದಿಯಲ್ಲಿ ನಿಲ್ಲಿಸಬೇಕು, ಕಿಟಕಿಯಿಂದ ಉದ್ದದ ಕೊಳವೆಗಳನ್ನು ಒಳಗೆ ಬಿಡಬೇಕು. ಬಾಯಿಯಿಂದ ಎಳೆದರೂ ಬಟ್ಟೆ ಕಪ್ಪಾಗುತ್ತದೆ ಎಂದ ಮೇಲೆ, ಆ ಹುಡುಗ ತೋರಿಸಿದ್ದು ನಮ್ಮ ಹಾಸಿಗೆಯ ಧೂಳನ್ನೇ ಹೊರತು ಅವನ ಯಂತ್ರದ ಗುಣವನ್ನಲ್ಲ.

ಹಾಸಿಗೆಯ ಧೂಳು ಮಾತ್ರ ಸುಳ್ಳಲ್ಲ. ನಮ್ಮ ಕರಾವಳಿಯ ತೇವದ ಗಾಳಿ ಧೂಳಿನ ನುಸಿಗೆ ಹೇಳಿ ಮಾಡಿಸಿದ್ದು. ಕಣ್ಣಿಗೆ ಕಾಣದ ಈ ಹುಳಗಳು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಹಾಸಿಗೆ, ದಿಂಬುಗಳಲ್ಲಿ ಬದುಕುತ್ತವೆ. ಅವುಗಳ ಹಿಕ್ಕೆಯಿಂದ ಕೆಲವರಿಗೆ ಸೀನು, ದಮ್ಮು. ಮನೆಯಲ್ಲಿ ಅಂಥವರು ಇದ್ದರೆ ಬೇರೆಲ್ಲದಕ್ಕಿಂತ ಮೊದಲು ಫಿಲ್ಟರ್ ಯಾವುದೆಂದು ಕೇಳಿ. ಹೆಪಾ ಫಿಲ್ಟರ್ ಎಂದರೆ 0.3 ಮೈಕ್ರಾನಿನಷ್ಟು ಅತಿ ಸಣ್ಣ ಕಣಗಳಲ್ಲಿ ನೂರಕ್ಕೆ 99.97ನ್ನು ಹಿಡಿಯುವಂಥದ್ದು. "ಹೆಪಾ ಮಾದರಿ" ಎಂದು ಬರೆದದ್ದಕ್ಕೆ ಮರುಳಾಗಬೇಡಿ, ಅದು ಬೇರೆ. ಫಿಲ್ಟರ್ ಸರಿಯಿಲ್ಲದ ಯಂತ್ರ ಮುಂದಿನಿಂದ ಎಳೆದ ನಯವಾದ ಧೂಳನ್ನು ಹಿಂದಿನಿಂದ ಕೋಣೆಗೇ ಬಿಡುತ್ತದೆ. ಇನ್ನು, ಚೀಲವಿಲ್ಲದ ಡಬ್ಬಿಯ ಯಂತ್ರಕ್ಕೆ ಚೀಲದ ಖರ್ಚಿಲ್ಲ, ನಿಜ. ಆದರೆ ಡಬ್ಬಿ ಕೊಡವುವಾಗ ಧೂಳು ಏಳುತ್ತದೆ. ದಮ್ಮಿನವರ ಕೈಗೆ ಆ ಕೆಲಸ ಕೊಡಬೇಡಿ, ತೆಂಗಿನ ಬುಡಕ್ಕೆ ಕೊಂಡುಹೋಗಿ ಬೇರೆಯವರು ಕೊಡವಲಿ. ಯಂತ್ರ ನುಸಿಯನ್ನು ಪೂರ್ತಿ ತೆಗೆಯುತ್ತದೆಂದೂ ನಂಬಬೇಡಿ. ಹೊದಿಕೆಯನ್ನು 60 ಡಿಗ್ರಿಯ ಬಿಸಿ ನೀರಿನಲ್ಲಿ ಒಗೆಯುವ ಕೆಲಸ ಹಾಗೇ ಉಳಿಯುತ್ತದೆ.

ತನ್ನಷ್ಟಕ್ಕೆ ಓಡಾಡುವ ರೋಬೋಟಿನ ಬಗ್ಗೆ ತುಂಬ ಮಂದಿ ಕೇಳುತ್ತಾರೆ. ಅದಕ್ಕೆ ಹತ್ತಲಿಕ್ಕಾಗುವುದು ಸಾಮಾನ್ಯವಾಗಿ ಎರಡು ಸೆಂಟಿಮೀಟರ್. ನಮ್ಮಂಥ ಮನೆಯಲ್ಲಿ ಅದು ಹೊಸ್ತಿಲಿನವರೆಗೆ ಬಂದು, ನಮಸ್ಕಾರ ಮಾಡಿ ಹಿಂದೆ ಹೋಗುತ್ತದೆ. ಉಪ್ಪಳದಲ್ಲೋ ಕಾಸರಗೋಡಿನಲ್ಲೋ ಟೈಲ್ಸು ಹಾಕಿದ, ಹೊಸ್ತಿಲಿಲ್ಲದ ಫ್ಲ್ಯಾಟಿನವರಿಗೆ ಆದೀತು.

ಕೋಲಿನಂಥ ಬ್ಯಾಟರಿ ಯಂತ್ರ ಹಗುರ, ವಯರಿನ ಗೋಳಿಲ್ಲ, ಕರೆಂಟು ಹೋದರೂ ನಡೆಯುತ್ತದೆ. ಆದರೆ ಪೆಟ್ಟಿಗೆಯಲ್ಲಿ ಬರೆದ 40 ನಿಮಿಷ ಸಾಮಾನ್ಯವಾಗಿ ಅತಿ ನಿಧಾನದ ವೇಗಕ್ಕೆ. ಜೋರು ಮಾಡಿದರೆ ಒಂದು ಕೋಣೆ ಮುಗಿಯುವಷ್ಟರಲ್ಲಿ ಉಸಿರು ಬಿಟ್ಟೀತು. ಬ್ಯಾಟರಿ ಬದಲಿಸಲಿಕ್ಕೆ ಆಗುತ್ತದೋ, ಅದನ್ನು ಕೇಳಿ.

ಕೊನೆಗೆ ನಾನು ತಂದದ್ದು ಒದ್ದೆ ಕಸವನ್ನೂ ಒಣ ಕಸವನ್ನೂ ಎಳೆಯುವ ಡ್ರಮ್ಮಿನ ಯಂತ್ರ, 1200 ವ್ಯಾಟಿನದ್ದು. ಇದಕ್ಕೆ ಸಣ್ಣ ಪ್ಲಗ್ಗು ಸಾಕು. ನೋಡಲಿಕ್ಕೆ ಚಂದವಿಲ್ಲ, ಶಬ್ದ ಜೋರು, ಹೊಸ್ತಿಲು ದಾಟಿಸುವಾಗ ಎತ್ತಬೇಕು. ಆದರೂ ನಮ್ಮ ಮನೆಗೆ ಇದೇ ಹೊಂದಿತು. ಮಳೆಗಾಲದಲ್ಲಿ ಹಂಚು ಸೋರಿ ನಿಂತ ನೀರನ್ನು ಎಳೆಯುತ್ತದೆ. ಉದ್ದದ ಕೊಳವೆ ಸಿಕ್ಕಿಸಿದರೆ ಪಕ್ಕಾಸಿನ ಮೇಲಿನ ಬಲೆ, ಹಲ್ಲಿಯ ಹಿಕ್ಕೆ, ಒರಲೆಯ ಮಣ್ಣು ಎಲ್ಲ ತಲೆಗೆ ಬೀಳದೆ ಒಳಗೆ ಹೋಗುತ್ತವೆ. ವಾರಕ್ಕೊಮ್ಮೆ ಹಾಸಿಗೆ, ತಿಂಗಳಿಗೊಮ್ಮೆ ಹಂಚಿನ ಮಾಡು. ದಿನಾ ಗುಡಿಸಲಿಕ್ಕೆ ಈಗಲೂ ಹಿಡಿಸೂಡಿಯೇ. ನೀರು ಎಳೆಯುವಾಗ ಒಣ ಕಸದ ಫಿಲ್ಟರ್ ತೆಗೆದು ಸ್ಪಂಜಿನದ್ದನ್ನು ಹಾಕಬೇಕು. ಬಚ್ಚಲ ಒಲೆಯ ಬೂದಿಗೆ ಮಾತ್ರ ಇದನ್ನು ಒಡ್ಡಲೇಬಾರದು. ಆರಿದ ಹಾಗೆ ಕಂಡರೂ ಒಳಗೊಂದು ಕೆಂಡ ಇರುತ್ತದೆ, ಡಬ್ಬಿಗೇ ಬೆಂಕಿ ಹಿಡಿದೀತು.

ಹಣ ಕೊಡುವ ಮೊದಲು, ರಿಪೇರಿ ಎಲ್ಲಿ ಎಂದು ಕೇಳಿಕೊಳ್ಳಿ. ಕಾಸರಗೋಡಿನಲ್ಲೇ ಇದ್ದರೆ ಸರಿ. ಮಂಗಳೂರಿನಲ್ಲಿ ಎಂದರೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಗಡಿಯ ತಲಪಾಡಿ ದಾಟುವ ಬಸ್ಸಿನಲ್ಲಿ ಕೂರಬೇಕು. ನಾನು ಕೂತಿದ್ದೇನೆ.

ಮತ್ತೆ, ಯಂತ್ರದ ಜೊತೆಗೇ ಇನ್ನೊಂದು ತೊಳೆಯುವ ಫಿಲ್ಟರನ್ನೂ ತೆಗೆದುಕೊಂಡುಬಿಡಿ. ಆಟಿಯಲ್ಲಿ ತೊಳೆದದ್ದು ಮೂರು ದಿನವಾದರೂ ಒಣಗುವುದಿಲ್ಲ, ಹಸಿಯಾಗಿಯೇ ಹಾಕಿದರೆ ಬೂಷ್ಟು ಹಿಡಿದು ಮನೆಯೆಲ್ಲ ಮುಗ್ಗಲು ವಾಸನೆ. ನಮ್ಮದೊಂದು ಈಗ ಯಂತ್ರದೊಳಗಿದೆ. ಇನ್ನೊಂದು ಜಗಲಿಯ ಹಗ್ಗದಲ್ಲಿ ಮೊನ್ನೆಯಿಂದ ತೂಗುತ್ತಿದೆ.

ನಮಸ್ಕಾರ.