ದಂಡ ಕಟ್ಟಿದ ಮೇಲೂ ಲೈಸನ್ಸ್ ಹೋಗಬಹುದು

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಜಗತ್ ವೃತ್ತದಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕವರು 500 ರೂಪಾಯಿ ಕಟ್ಟುತ್ತಾರೆ, ರಸೀದಿ ಜೇಬಿಗೆ ಹಾಕುತ್ತಾರೆ, ಗಾಡಿ ಚಾಲೂ ಮಾಡುತ್ತಾರೆ. ಯಾರಾದರೂ ಕೇಳಿದರೆ, "ದಂಡ ಕೊಟ್ಟೀನಲ್ರೀ, ಇನ್ನೇನದ?" ಅನ್ನುತ್ತಾರೆ. ಇನ್ನೂ ಅದ. ಮೋಟಾರು ವಾಹನ ಕಾಯ್ದೆಯ 200ನೇ ಕಲಮಿಗೆ 2019ರಲ್ಲಿ ತಿದ್ದುಪಡಿಯಾಯಿತು. ಸ್ಥಳದಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಂಡರೂ ಲೈಸನ್ಸ್ ಮೇಲಿನ ಕ್ರಮ ತಪ್ಪುವುದಿಲ್ಲ. ಆ ತಪ್ಪು ನಿಮ್ಮ ಲೆಕ್ಕಕ್ಕೆ ಮೊದಲನೆಯದಾಗಿ ಸೇರಿಯೂ ಬಿಡುತ್ತದೆ, ಮುಂದಿನ ಸಲ ಸಿಕ್ಕರೆ ಅದು ಎರಡನೆಯದು.

ಲೈಸನ್ಸಿಗೇ ಕುತ್ತು ತರುವ ತಪ್ಪುಗಳು ಯಾವುವು? ಅತಿವೇಗ, ಸಿಗ್ನಲ್ ಹಾರುವುದು, ಎದುರು ದಿಕ್ಕಿನಲ್ಲಿ ಓಡಿಸುವುದು, ಮೊಬೈಲ್ ಕೈಯಲ್ಲಿ ಹಿಡಿದು ಓಡಿಸುವುದು, ಕುಡಿದು ಓಡಿಸುವುದು, ಬೈಕಿನ ಮೇಲೆ ಮೂವರು ಕೂರುವುದು, ಹೆಲ್ಮೆಟ್ ಹಾಕದಿರುವುದು, ಆಂಬುಲೆನ್ಸಿಗೆ ದಾರಿ ಬಿಡದಿರುವುದು. ಹೆಲ್ಮೆಟ್ ಇಲ್ಲದ್ದಕ್ಕೂ ಮೂವರ ಸವಾರಿಗೂ ಮೂರು ತಿಂಗಳ ಅನರ್ಹತೆ ಎಂದು ಕಾಯ್ದೆಯ ಆ ಕಲಮುಗಳಲ್ಲೇ ಬರೆದಿದೆ. ಹಿಂದೆ ಕೂತವರಿಗೂ, 4 ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ.

ಸರಕಿನ ಗಾಡಿಯವರು ಇನ್ನೊಂದು ಮಾತು ಗಮನಿಸಬೇಕು. ಸುಗ್ಗಿಯಲ್ಲಿ ತೊಗರಿ ಮೂಟೆಯನ್ನು ಮಿತಿ ಮೀರಿ ಹೇರುವುದು, ಹೋಳಿ ಆದ ಮೇಲೆ ಶರಣಬಸವೇಶ್ವರರ ಜಾತ್ರೆಗೆ ಮಿನಿ ಟೆಂಪೊದ ಹಿಂದೆ ಮಂದಿ ತುಂಬಿಕೊಂಡು ಬರುವುದು, ಎರಡೂ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 21ನೇ ನಿಯಮದಲ್ಲಿ ಸಾರ್ವಜನಿಕರಿಗೆ ಅಪಾಯ ತರುವ ಕೃತ್ಯಗಳೆಂದು ಸೇರಿವೆ. ಬಾಡಿಗೆ ತಗೊಂಡಿಲ್ಲ, ಊರವರೇ ಅಂದರೂ ನಡೆಯುವುದಿಲ್ಲ. ಈ ಎರಡಕ್ಕೂ ಕನಿಷ್ಠ ಮೂರು ತಿಂಗಳು ಲೈಸನ್ಸ್ ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಈಗ ಕ್ರಮ ಹೇಗೆ ನಡೆಯುತ್ತದೆ ನೋಡೋಣ. ಪೊಲೀಸರು 206ನೇ ಕಲಮಿನ ಪ್ರಕಾರ ಲೈಸನ್ಸ್ ವಶಕ್ಕೆ ತೆಗೆದುಕೊಂಡು ಆರ್‌ಟಿಒ ಕಚೇರಿಗೆ ಕಳಿಸುತ್ತಾರೆ, ನಿಮಗೊಂದು ರಸೀದಿ ಕೊಡುತ್ತಾರೆ. ಮಂದಿ ಮೋಸ ಹೋಗುವುದು ಈ ರಸೀದಿಯಲ್ಲೇ. ಅದು ಲೈಸನ್ಸ್ ಪಡೆದದ್ದಕ್ಕೆ ಗುರುತು ಮಾತ್ರ. ಲೈಸನ್ಸ್ ವಾಪಸ್ ಬರುವ ತನಕ ಅದನ್ನು ತೋರಿಸಿ ಗಾಡಿ ಓಡಿಸಲು ಬರುವುದಿಲ್ಲ ಎಂದು ಕಾನೂನಿನಲ್ಲೇ ಸ್ಪಷ್ಟವಾಗಿದೆ. ಕಾರ್ಡ್ ಕಳೆದಿದೆ ಎಂದು ಡೂಪ್ಲಿಕೇಟಿಗೆ ಅರ್ಜಿ ಹಾಕುವ ಉಪಾಯವನ್ನು ಯಾರಾದರೂ ಏಜೆಂಟರು ಹೇಳಿಕೊಟ್ಟರೆ ಕೇಳಬೇಡಿ. ಅಮಾನತು ದಾಖಲಾಗುವುದು ಲೈಸನ್ಸುಗಳ ಸರ್ಕಾರಿ ವೆಬ್‌ಸೈಟ್ ಆದ ಸಾರಥಿ ಪೋರ್ಟಲಿನಲ್ಲಿ, ಪ್ಲಾಸ್ಟಿಕ್ ಕಾರ್ಡಿನ ಮೇಲಲ್ಲ.

ಆರ್‌ಟಿಒ ನೇರವಾಗಿ ಶಿಕ್ಷೆ ಕೊಡುವಂತಿಲ್ಲ. ಮೊದಲು ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು, ಆಮೇಲೆ ಕಾರಣ ಬರೆದು ಆದೇಶ ಮಾಡಬೇಕು. ತೊಂದರೆ ಏನೆಂದರೆ ನೋಟಿಸ್ ಹೋಗುವುದು ಲೈಸನ್ಸಿನಲ್ಲಿರುವ ವಿಳಾಸಕ್ಕೆ. ನೀವು ಇರುವುದು ಕಲಬುರಗಿಯಲ್ಲಿ, ಲೈಸನ್ಸಿನಲ್ಲಿ ಇನ್ನೂ ಸುರಪುರದ ಹಳೆ ಮನೆ! ನಿಮಗೆ ಸುದ್ದಿ ಮುಟ್ಟುವಷ್ಟರಲ್ಲಿ ವಿಚಾರಣೆಯ ದಿನವೇ ದಾಟಿರುತ್ತದೆ. ವಿಳಾಸ ಬದಲಾಗಿದ್ದರೆ ಸಾರಥಿಯಲ್ಲಿ ಈಗಲೇ ತಿದ್ದಿಸಿ.

ವಿಚಾರಣೆಗೆ ಹೋಗಿ "ತಪ್ಪಾಯ್ತ್ರೀ ಸಾಹೇಬ್ರ, ಈ ಸಲ ಬಿಟ್ಟುಬಿಡ್ರಿ" ಅಂದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ, ಅಷ್ಟೇ. ಹೇಳುವುದನ್ನು ಬರೆದು ಕೊಡಿ, ಪುರಾವೆ ಜೋಡಿಸಿ. ಕ್ಯಾಮೆರಾದ ಚಲನ್ ಬರುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ, ಅಮಾನತು ಆಗಬೇಕಾದದ್ದು ಓಡಿಸಿದವರ ಲೈಸನ್ಸ್. ಆ ದಿನ ಗಾಡಿ ಬೇರೆಯವರ ಕೈಯಲ್ಲಿದ್ದರೆ ಅವರ ಹೆಸರು, ವಿಳಾಸ, ಲೈಸನ್ಸ್ ವಿವರ ಕೊಡಿ. ಗಾಡಿ ಮಾರಿದ್ದರೆ ಮಾರಾಟದ ಕಾಗದ ಇರಲಿ. ಫೋಟೊದಲ್ಲಿರುವ ನಂಬರ್ ನಿಮ್ಮದಲ್ಲದಿದ್ದರೆ ಆ ಫೋಟೊವನ್ನೇ ಲಗತ್ತಿಸಿ. ಒಪ್ಪಿಗೆಯಾದರೆ ಅಧಿಕಾರಿ ಕೈಬಿಡಬಹುದು. ಇಲ್ಲವಾದರೆ ಮೊದಲ ತಪ್ಪಿಗೆ ಮೂರು ತಿಂಗಳು ಅನರ್ಹತೆ, ಎರಡನೆಯದಕ್ಕೆ ಲೈಸನ್ಸೇ ರದ್ದು. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಅದಕ್ಕೇ ಆದೇಶ ಯಾವ ತಾರೀಖಿಗೆ ಕೈಗೆ ಬಂತು ಎಂದು ಬರೆದಿಟ್ಟುಕೊಳ್ಳಿ.

ಕುಡಿದು ಓಡಿಸಿದವರ ಲೆಕ್ಕ ಇನ್ನೂ ಬಿಗಿ. 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಅಪರಾಧ ಸಾಬೀತಾದರೆ ಕೋರ್ಟೇ ಕನಿಷ್ಠ ಆರು ತಿಂಗಳು ಅನರ್ಹಗೊಳಿಸಬೇಕು.

ಅಮಾನತಿನಲ್ಲಿದ್ದಾಗ ಗಾಡಿ ಹತ್ತಿದರೆ ಮೂರು ತಿಂಗಳ ತನಕ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಗೊತ್ತಿದ್ದೂ ಕೀಲಿ ಕೊಟ್ಟ ಮಾಲೀಕರೂ ಸಿಕ್ಕಿಬೀಳುತ್ತಾರೆ. ಶಹಾಬಾದಿನ ಕಲ್ಲು, ಸೇಡಂನ ಸಿಮೆಂಟ್ ಸಾಗಿಸುವ ಲಾರಿ ಮಾಲೀಕರು ಇಲ್ಲಿ ಎಚ್ಚರ ವಹಿಸಬೇಕು. ಅನರ್ಹ ಚಾಲಕ ಅಪಘಾತ ಮಾಡಿದರೆ ಅದನ್ನೇ ಮುಂದೆ ಮಾಡಿ ವಿಮಾ ಕಂಪನಿ ಹೊಣೆ ನಿರಾಕರಿಸಬಹುದು, ಪರಿಹಾರದ ಭಾರ ಮಾಲೀಕರ ಮೇಲೆ ಬೀಳಬಹುದು. ಹೊಸ ಚಾಲಕರನ್ನು ಇಟ್ಟುಕೊಳ್ಳುವಾಗ ಕಾರ್ಡಿನ ಝೆರಾಕ್ಸ್ ಇಸಿದುಕೊಂಡರೆ ಸಾಲದು, ಲೈಸನ್ಸ್ ನಂಬರ್ ಮತ್ತು ಹುಟ್ಟಿದ ತಾರೀಖು ಹಾಕಿ ಪೋರ್ಟಲಿನಲ್ಲಿ ಸ್ಥಿತಿ ನೋಡಿ. ಬೀದರ್‌ನವರು ಗಡಿ ದಾಟಿ ಜಹೀರಾಬಾದ್ ಮುಟ್ಟಿದರೆ ತೆಲಂಗಾಣ, ಅಲ್ಲಿ ನಮ್ಮ ಅಮಾನತು ನಡೆಯದು ಅಂದುಕೊಳ್ಳುವುದೂ ಬೇಡ. ಲೈಸನ್ಸ್ ದೇಶಕ್ಕೆಲ್ಲ ಒಂದೇ.

ಅವಧಿ ಮುಗಿದ ಮರುದಿನವೇ ಗಾಡಿ ತೆಗೆಯಬೇಡಿ. ಪೊಲೀಸರು ವಶಕ್ಕೆ ಪಡೆದ ಲೈಸನ್ಸ್ ವಾಪಸ್ ಬರಬೇಕಾದರೆ ಚಾಲಕರ ಪುನಶ್ಚೇತನ ತರಬೇತಿ ಮುಗಿಸಬೇಕು ಎಂದು 19ನೇ ಕಲಮು ಹೇಳುತ್ತದೆ. ತರಬೇತಿ ಎಲ್ಲಿ, ಯಾವಾಗ ಎಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಈ ನಡುವೆ ಲೈಸನ್ಸಿನ ಮುದ್ದತೇ ತೀರಿದ್ದರೆ ನವೀಕರಣಕ್ಕೆ ತಡ ಮಾಡಬೇಡಿ. ಮುದ್ದತು ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ.

ನಮಸ್ಕಾರ.