ಒಂದು ಪ್ರದೇಶ ‘ಹಿಂದುಳಿದಿದೆ’ ಎಂದು ಸರ್ಕಾರ ತೀರ್ಮಾನಿಸುವುದು ಹೇಗೆ?

[ತೆರೆಯ ಮೇಲೆ: ಯುರೋಪಿನ ನಕ್ಷೆ]

ನಮಸ್ಕಾರ. 2004ರ ಮೇ 1ರಂದು ಯುರೋಪಿಯನ್ ಒಕ್ಕೂಟಕ್ಕೆ 10 ಹೊಸ ದೇಶಗಳು ಸೇರಿದವು. ಹೆಚ್ಚಿನವು ಹಳೆಯ ಸದಸ್ಯ ದೇಶಗಳಿಗಿಂತ ಬಡ ದೇಶಗಳು. ಹಾಗಾಗಿ ಇಡೀ ಒಕ್ಕೂಟದ ಸರಾಸರಿ ಕೆಳಗಿಳಿಯಿತು.

ಅಲ್ಲಿನ ನಿಯಮ ಹೀಗಿತ್ತು: ಒಂದು ಪ್ರದೇಶದ ತಲಾ ಉತ್ಪನ್ನ (ಅಲ್ಲಿ ಒಬ್ಬರ ಲೆಕ್ಕಕ್ಕೆ ಬರುವ ಸರಕು, ಸೇವೆಗಳ ಮೌಲ್ಯ) ಒಕ್ಕೂಟದ ಸರಾಸರಿಯ ಶೇ 75ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಮೊತ್ತದ ನೆರವು. ಸರಾಸರಿಯೇ ಇಳಿದಾಗ ಸ್ಪೇನಿನ ಅಸ್ತೂರಿಯಾಸ್‌ನಂಥ ಪ್ರದೇಶಗಳು ಗೆರೆಯ ಮೇಲಕ್ಕೆ ಬಂದುಬಿಟ್ಟವು. ಹಳೆಯ ಸರಾಸರಿಗೆ ಹೋಲಿಸಿದರೆ ಅವು ಇನ್ನೂ ಗೆರೆಯ ಕೆಳಗೇ ಇದ್ದವು! ಕೊನೆಗೆ 2007ರಿಂದ 2013ರವರೆಗೆ ಅವುಗಳಿಗೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವ ನೆರವು ಕೊಟ್ಟರು.

ಅಂದರೆ, ಒಂದು ಪ್ರದೇಶ ಎಷ್ಟು ಬಡವಾಗಿದೆ ಅನ್ನುವುದಷ್ಟೇ ಮುಖ್ಯವಲ್ಲ. ಯಾರ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ.

ಅಮೆರಿಕದಲ್ಲಿ 1965ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ನೆರವು ಸಿಗಲು ಪ್ರದೇಶದ ತಲಾ ಆದಾಯ ದೇಶದ ಸರಾಸರಿಯ ಶೇ 80 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇಲ್ಲವೇ 24 ತಿಂಗಳ ನಿರುದ್ಯೋಗದ ಲೆಕ್ಕ ನೋಡುತ್ತಾರೆ. ದೇಶದ್ದು ಶೇ 4 ಇದ್ದರೆ ಅಲ್ಲಿನದು ಶೇ 5 ಆದರೂ ಇರಬೇಕು. ದೊಡ್ಡ ಕಾರ್ಖಾನೆ ಮುಚ್ಚಿದಾಗ, ಪ್ರಕೃತಿ ವಿಕೋಪ ಆದಾಗ ‘ವಿಶೇಷ ಅಗತ್ಯ’ ಅನ್ನುವ ಮೂರನೇ ದಾರಿಯೂ ಉಂಟು.

ನಿರುದ್ಯೋಗದ ಲೆಕ್ಕದಲ್ಲಿ ಒಂದು ತೊಡಕಿದೆ. ಕೆಲಸ ಹುಡುಕುತ್ತಾ ಇರುವವರನ್ನು ಮಾತ್ರ ನಿರುದ್ಯೋಗಿ ಎನ್ನುತ್ತಾರೆ. ಎರಡು ವರ್ಷ ಅಲೆದು, ಸಾಕಾಗಿ, ಹುಡುಕುವುದನ್ನೇ ಬಿಟ್ಟವರು ಲೆಕ್ಕದಿಂದ ಹೊರಗೆ. ಊರಿನ ಆಸೆ ಬತ್ತಿದಷ್ಟೂ ಅಂಕಿ ಸುಧಾರಿಸಿದಂತೆ ಕಾಣುತ್ತದೆ. ನನಗೆ ತುಂಬಾ ನೋವು ಕೊಡುವ ಸಂಗತಿ ಇದು.

ಒಂದೇ ಅಂಕಿಯನ್ನು ನಂಬಬಾರದು ಎಂದು ಹಲವನ್ನು ಸೇರಿಸಿ ಅಳೆಯುವವರೂ ಇದ್ದಾರೆ. ಕರ್ನಾಟಕದಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು.

[ತೆರೆಯ ಮೇಲೆ: ಮೇಜಿನ ಮೇಲೆ ನಾಣ್ಯಗಳ 10 ಗುಡ್ಡೆಗಳು]

ಈಗ ಈ ನಾಣ್ಯಗಳನ್ನು ನೋಡಿ. ಇದು 10 ಜನರ ಪುಟ್ಟ ಜಿಲ್ಲೆ. ಪೇಟೆಯ 5 ಜನಕ್ಕೆ ತಲಾ 20 ನಾಣ್ಯ. ಬೆಟ್ಟದ 5 ಜನಕ್ಕೆ ತಲಾ 6. ಒಟ್ಟು 130, ಸರಾಸರಿ 13. ದೇಶದ ಸರಾಸರಿ 15 ಅಂದುಕೊಳ್ಳಿ. ಅದರ ಶೇ 80 ಅಂದರೆ 12. ನಮ್ಮ ಜಿಲ್ಲೆ 13, ಹಾಗಾಗಿ ನೆರವಿಲ್ಲ. ಬೆಟ್ಟದವರ ಕೈಯಲ್ಲಿ ಮಾತ್ರ ಅದೇ 6 ನಾಣ್ಯ.

[ಪೇಟೆ, ಬೆಟ್ಟದ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು]

ಗೆರೆ ಇಲ್ಲಿ ಎಳೆದರೆ ಬೆಟ್ಟಕ್ಕೆ ನೆರವು ಸಿಗುತ್ತದೆ, ಅಲ್ವಾ? ಐರ್ಲೆಂಡ್ ನಿಜವಾಗಿಯೂ ಹೀಗೆ ಮಾಡಿತು. ದೇಶ ಬೇಗ ಬೇಗ ಬೆಳೆದು ಇಡೀ ದೇಶವೇ ಒಕ್ಕೂಟದ ನೆರವಿನ ಪಟ್ಟಿಯಿಂದ ಹೊರಬೀಳುವ ಹೊತ್ತಿಗೆ, 1999ರಲ್ಲಿ ತನ್ನನ್ನು ಎರಡು ಪ್ರದೇಶಗಳಾಗಿ ವಿಂಗಡಿಸಿಕೊಂಡಿತು. ಗಡಿ, ಮಧ್ಯ ಮತ್ತು ಪಶ್ಚಿಮ ಭಾಗಕ್ಕೆ ದೊಡ್ಡ ನೆರವು ಉಳಿಯಿತು. ಆಮೇಲೆ ಪೋಲೆಂಡ್ ಕೂಡ ರಾಜಧಾನಿ ವಾರ್ಸಾ ಸುತ್ತಲಿನ ಭಾಗವನ್ನು ಉಳಿದ ಮಝೋವಿಯಾ ಪ್ರಾಂತ್ಯದಿಂದ ಬೇರೆ ಮಾಡಿ ಲೆಕ್ಕ ಹಾಕಿಸಿತು. ಕೆಲವರು ಇದನ್ನು ಜಾಣತನ ಎನ್ನುತ್ತಾರೆ. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ರಾಜಧಾನಿಯ ಸಿರಿ ಹಳ್ಳಿಯ ಬಡತನವನ್ನು ಮುಚ್ಚಿಹಾಕಬಾರದು.

ಅಮೆರಿಕದ ಕಾಯ್ದೆ ಇನ್ನೊಂದು ಅವಕಾಶ ಕೊಡುತ್ತದೆ. ಆಡಳಿತದ ಗಡಿಗಳಿಗೆ ಕಟ್ಟುಬೀಳದೆ, ಸಣ್ಣ ಭಾಗವೂ ತಾನು ಅರ್ಹ ಎಂದು ತೋರಿಸಬಹುದು. ನಮ್ಮ ಬೆಟ್ಟದ 5 ಜನ ಸೀಮೆಸುಣ್ಣಕ್ಕೆ ಕಾಯಬೇಕಿಲ್ಲ. ಆದರೆ ಅಂಕಿ ಅಂಶ ಕಲೆಹಾಕಿ ಅರ್ಜಿ ಬರೆಯಲು ಜನ ಬೇಕು, ಬಿಡುವು ಬೇಕು. ಸಣ್ಣ ಬಡ ಊರಿನ ಕಚೇರಿಯಲ್ಲಿ ಅವೆರಡೂ ಕಮ್ಮಿ. ಆದ್ದರಿಂದ ರಸ್ತೆಗೆ ದುಡ್ಡು ಕೊಡುವ ಮೊದಲು, ಆ ಅರ್ಜಿ ಬರೆಯಲು ಒಬ್ಬರನ್ನು ಕೊಡಿ ಎಂದು ನಾನು ಕೇಳುತ್ತೇನೆ.